ಹೇಳ್ರಿ ಅಂದವಳು ನಾನೇ

ಬಾಗಲಕೋಟೆಯ ಹೊಸ ಊರಿನ ಅಂಚಿಗೆ, ಡಾಂಬರು ಮುಗಿದು ಜಾಲಿ ಕಂಟಿ ಶುರುವಾಗುವಲ್ಲಿ, ಬಡವರಿಗೆಂದು ಕಟ್ಟಿಸಿದ ಮೂರಂತಸ್ತಿನ ಮನೆಗಳ ಸಾಲು ಇದೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕುವಷ್ಟು ಜಾಗ. ಅಲ್ಲಿಯ ಒಂದು ಕಟ್ಟಡದ ಕೆಳಗಿನ ಎರಡು ಮನೆಗಳನ್ನು ನಾನು ಕೆಲಸ ಮಾಡುವ ಸಂಸ್ಥೆ ಪಡೆದುಕೊಂಡಿತ್ತು. ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ದವಾಖಾನೆಯಲ್ಲಿದ್ದು ಸುಧಾರಿಸಿದ, ಆದರೆ ಮನೆಯವರು ಕರೆದುಕೊಂಡು ಹೋಗದ ಗಂಡಸರನ್ನು ಅಲ್ಲಿ ಇರಿಸುತ್ತಿದ್ದೆವು. ಮನೆಗೆ ಇಬ್ಬರಂತೆ ನಾಲ್ಕು ಜನ. ಅಡುಗೆ ಅವರದೇ, ಸಂತೆ ಅವರದೇ, ಬಾಗಿಲ ಕೀಲಿ ಅವರ ಕೈಯಲ್ಲೇ. ವಾರಕ್ಕೆ ಮೂರು ದಿನ ನಾನು ಹೋಗಿ ಗುಳಿಗೆ ತಗೊಂಡಿದ್ದಾರೋ ಇಲ್ಲವೋ ನೋಡಬೇಕು, ಜಗಳವಿದ್ದರೆ ಬಿಡಿಸಬೇಕು, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಕ್ಕಪಕ್ಕದವರು ಕೇಳಿದರೆ, ‘ಕೆಲಸಕ್ಕೆ ಬಂದವರು, ಒಟ್ಟಿಗೆ ಇರ್ತಾರ’ ಅನ್ನುತ್ತಿದ್ದೆ.

ಆ ನಾಲ್ವರಲ್ಲಿ ಒಬ್ಬರ ಬಗ್ಗೆ ನಾನು ಬರೆಯಬೇಕು. ಬರೆಯದೆ ಮೂರು ವರ್ಷ ಕಳೆದೆ.

ಅವರು ಇಳಕಲ್ಲಿನವರು, ನೇಕಾರರು. ವಯಸ್ಸು ನಲವತ್ತೈದರ ಸುಮಾರು, ನನಗಿಂತ ಒಂದೆರಡು ವರ್ಷ ದೊಡ್ಡವರು. ಆದರೂ ನನ್ನನ್ನು ‘ಅಕ್ಕಾರ’ ಅಂತಲೇ ಕರೆಯುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸದಲ್ಲಿ ಓಣಿಗೇ ಹೆಸರಾಗಿದ್ದರಂತೆ. ಮೂವತ್ತರ ಆಸುಪಾಸಿನಲ್ಲಿ ಮಗ್ಗದ ಕುಣಿಯಲ್ಲಿ, ಕಾಲು ಇಳಿಬಿಡುವ ಆ ಗುಂಡಿಯಲ್ಲಿ, ಕೂತಾಗ ಕಿವಿಯಲ್ಲಿ ಯಾರೋ ಬೈಯುವುದು ಕೇಳತೊಡಗಿತು. ಮೊದಮೊದಲು ಪಕ್ಕದ ಮನೆಯವರು ಅಂದುಕೊಂಡರು. ಆಮೇಲೆ ಪಕ್ಕದ ಮನೆಯವರೊಂದಿಗೆ ಕೈ ಕೈ ಮಿಲಾಯಿಸುವಂತಾಯಿತು. ಅಲ್ಲಿಂದ ದವಾಖಾನೆ. ಗುಣವಾಗುವುದು, ಮನೆಗೆ ಬರುವುದು, ಗುಳಿಗೆ ಬಿಡುವುದು, ಮತ್ತೆ ದವಾಖಾನೆ. ಕೊನೆಯ ಸಲ ಗುಣವಾದಾಗ ಕರೆದೊಯ್ಯಲು ಯಾರೂ ಬರಲಿಲ್ಲ.

ಅವರನ್ನು ನಮ್ಮ ಮನೆಗೆ ತರುವ ಮೊದಲು ನಾನು ಇಳಕಲ್ಲಿಗೆ ಹೋಗಿ ತಮ್ಮನನ್ನು ಕಂಡೆ. ಸಣ್ಣ ಮನೆ, ಮುಂದಿನ ಕೋಣೆ ತುಂಬ ಮಗ್ಗ. ತಮ್ಮ ಕುಣಿಯಿಂದ ಎದ್ದು ಬಂದು, ಹಣೆಯ ವಿಭೂತಿ ಬೆವರಿಗೆ ಇಳಿದದ್ದನ್ನು ಒರೆಸಿಕೊಂಡು ಕೂತ. ಅವನ ಹೆಂಡತಿ ಚಹಾ ಕೊಟ್ಟಳು.

“ಅಣ್ಣಾರು ಈಗ ಆರಾಮ ಅದಾರ. ಮನಿಗೆ ಕರಕೊಂಡು ಬರೂ ವಿಚಾರ ಐತೇನ್ರಿ?” ಅಂತ ಕೇಳಿದೆ.

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು.

“ಇವ್ರದು ಲಗ್ನ ಆಗಲಿ ಅಕ್ಕಾರ. ಗಂಡಿನವ್ರು ಬಂದಾಗ ಮನ್ಯಾಗ ಅಣ್ಣ ಕುಂತಿದ್ದಾ ಅಂದ್ರ, ಯಾರು ಒಪ್ತಾರ್ರಿ?” ಅಂದ. ಮಗ್ಗದ ಕಡೆ ತಿರುಗಿ, “ನನಗ ಮಗ್ಗ ಕಲಿಸಿದಾವ ಅವನ” ಅಂದು ಅತ್ತ. ನಾನು ಚಹಾ ಕುಡಿದು ಎದ್ದೆ. ಅವನ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಈಗ ಆ ಸಿಟ್ಟಿಗೂ ನನಗೆ ಹಕ್ಕಿಲ್ಲ.

ಹೊಸ ಮನೆಗೆ ಬಂದ ಮೊದಲ ದಿನ ಕೀಲಿ ಕೈಗೆ ಕೊಟ್ಟಾಗ, ಅವರು ಬಾಗಿಲು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಹೀಗೆ ಎಷ್ಟೋ ಸಲ ಮಾಡಿದರು. ನಾನು ಕೇಳುವ ಮೊದಲೇ ಅವರೇ ಹೇಳಿದರು: “ಏನಿಲ್ರಿ ಅಕ್ಕಾರ. ಒಳಗಿನಿಂದ ನಾ ಹಾಕ್ಕೊಂಡು ಭಾಳ ವರ್ಷ ಆಗಿತ್ತು.”

ಆ ಕಟ್ಟಡದ ದೊಡ್ಡ ತಾಪತ್ರಯ ಅಂದರೆ ನೀರು. ನಲ್ಲಿ ನೀರು ಎಂಟತ್ತು ದಿನಕ್ಕೊಮ್ಮೆ ಬರುತ್ತಿತ್ತು, ಬಂದದ್ದು ನೆಲದೊಳಗಿನ ಟಾಕಿಯಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಮೋಟರು ಹಚ್ಚಿ ಮಾಳಿಗೆಯ ಟಾಕಿಗೆ ಏರಿಸಬೇಕು. ಅದು ಯಾರ ಕೆಲಸ ಅನ್ನುವುದು ಯಾವತ್ತೂ ತೀರ್ಮಾನವಾಗಿರಲಿಲ್ಲ. ಹಚ್ಚಿದವರು ಆರಿಸುತ್ತಿರಲಿಲ್ಲ, ನೀರು ತುಂಬಿ ಗೋಡೆಗುಂಟ ಹರಿಯುತ್ತಿತ್ತು. ಮರುದಿನ ಹನಿ ನೀರಿಲ್ಲದೆ ಹೆಂಗಸರು ಮೆಟ್ಟಿಲ ಮೇಲೆ ಜಗಳಾಡುತ್ತಿದ್ದರು. ಇವರು ಬಂದು ತಿಂಗಳೊಳಗೆ, ಯಾರೂ ಹೇಳದೆ, ಆ ಕೆಲಸ ತಮ್ಮ ಕೈಗೆ ತೆಗೆದುಕೊಂಡರು. ಬೆಳಿಗ್ಗೆ ಎದ್ದು ಕೋಲು ಇಳಿಸಿ ಕೆಳಗಿನ ಟಾಕಿಯ ನೀರು ಅಳೆಯುವರು. ಮೋಟರು ಹಚ್ಚಿ ಮಾಳಿಗೆಗೆ ಹೋಗಿ ಟಾಕಿಯ ಬಾಜೂಕೇ ಕೂಡುವರು. ತುಂಬಿದ ಮೇಲೆ ಇಳಿದು ಬಂದು ಆರಿಸಿ, ಒಂದೊಂದು ಬಾಗಿಲಿಗೂ ನಿಂತು, “ನೀರು ಏರಸೇನ್ರಿ, ತುಂಬಿಕೊಳ್ರಿ” ಅನ್ನುವರು.

ಕಟ್ಟಡದ ತುಂಬ ಅವರು ‘ನೀರಿನ ಕಾಕಾ’ ಆದರು. ಮೋಟರಿನ ಕೋಣೆಯ ಕೀಲಿಯನ್ನು ಎಲ್ಲರೂ ಕೂಡಿ ಅವರಿಗೇ ಕೊಟ್ಟರು. ಎರಡನೇ ಅಂತಸ್ತಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ಮಹಿಳಾ ಸಂಘದ ಅಧ್ಯಕ್ಷೆ, ಕಟ್ಟಡದ ಎಲ್ಲ ವ್ಯವಹಾರಕ್ಕೂ ಅವಳೇ ಮುಂದಾಳು. ಅವಳ ಮನೆಯಿಂದ ಅವರಿಗೆ ದಿನಾ ಎರಡು ಬಿಸಿ ಜೋಳದ ರೊಟ್ಟಿ ಬರುತ್ತಿದ್ದವು, ಮೇಲೆ ಶೇಂಗಾ ಚಟ್ನಿ. “ಕಾಕಾ ಬಂದಾಗಿನಿಂದ ನಮ್ಮ ಜಗಳ ನಿಂತಾವ್ರಿ” ಅಂತ ಅವಳೇ ನನಗೆ ಹೇಳಿದ್ದಳು.

ನನ್ನ ಮಾತನ್ನೂ ಇಲ್ಲಿ ಹೇಳಬೇಕು. ನಾನು ಹುನಗುಂದದವಳು. ಮದುವೆಯಾಗಿ ಬಾಗಲಕೋಟೆಗೆ ಬಂದೆ. ನನ್ನ ಗಂಡ ಕಾಲೇಜಿನಲ್ಲಿ ಗುಮಾಸ್ತರು, ವಿದ್ಯಾಗಿರಿಯಲ್ಲಿ ಮನೆ. ಮಗ ಹುಟ್ಟಿ ಇಪ್ಪತ್ತು ದಿನಕ್ಕೆ ನನಗೆ ನಿದ್ದೆ ಬರುವುದು ನಿಂತಿತು. ಹನ್ನೆರಡು ದಿನ ಮಲಗದೆ ಮಾತಾಡಿದೆನಂತೆ, ಹಾಡಿದೆನಂತೆ, ಹಾಲೂಡಿಸುವುದನ್ನು ಮರೆತು ಪಾತ್ರೆ ತಿಕ್ಕಿದೆನಂತೆ. ಗಂಡ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದರು. ಬಾಗಲಕೋಟೆಯಲ್ಲಿ ತೋರಿಸಲಿಲ್ಲ, ಯಾಕೆಂದರೆ ಬಾಗಲಕೋಟೆಯಲ್ಲಿ ಗುರುತಿನವರು ಇರುತ್ತಾರೆ. ಅವತ್ತಿನಿಂದ ಇವತ್ತಿನವರೆಗೆ ಗುಳಿಗೆ ತಪ್ಪಿಲ್ಲ. ಅತ್ತೆ ಮಾವನಿಗೆ ಬಾಣಂತಿಯ ಅಶಕ್ತತೆ ಅಂತ ಹೇಳಿದ್ದಾಯಿತು. ಮಗನಿಗೆ ಏನೂ ಹೇಳಲಿಲ್ಲ. ಈ ಸಂಸ್ಥೆಗೆ ಕೆಲಸಕ್ಕೆ ಸೇರುವಾಗಲೂ ಹೇಳಲಿಲ್ಲ. ಕಾಯಿಲೆಯಾದವರ ಕಷ್ಟ ನನಗೆ ಚೆನ್ನಾಗಿ ತಿಳಿಯುತ್ತದೆ ಅಂತ ನಮ್ಮ ಮುಖ್ಯಸ್ಥರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳುವಾಗ ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ಆ ಗುಳಿಗೆಯಿಂದ ನನ್ನ ಕೈ ತುಸು ನಡುಗುತ್ತದೆ. ಒಂದು ದಿನ ಇವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಬಸಿ ಕಪ್ಪಿಗೆ ತಾಗಿ ಕಟಕಟ ಅಂದಿತು. ಅವರು ತಮ್ಮ ಕೈಯನ್ನು ಮುಂದೆ ಚಾಚಿ ತೋರಿಸಿದರು. ಅದೂ ನಡುಗುತ್ತಿತ್ತು.

“ಎಷ್ಟ ವರ್ಷ ಆತ್ರಿ ಅಕ್ಕಾರ?” ಅಂದರು, ಮೆತ್ತಗೆ.

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ, “ಹದಿನೆಂಟು.”

“ಆಗಲಿ ಬಿಡ್ರಿ. ನನ್ನ ಕಡಿಂದ ಯಾರಿಗೂ ಹೋಗಂಗಿಲ್ಲ” ಅಂದು ಇನ್ನರ್ಧ ಕಪ್ಪು ಚಹಾ ಹಾಕಿದರು. ಗಂಡನನ್ನೂ ಡಾಕ್ಟರನ್ನೂ ಬಿಟ್ಟರೆ ನನ್ನ ಗುಟ್ಟು ಗೊತ್ತಾದ ಮೂರನೆಯವರು ಅವರು. ಅವತ್ತು ಮನೆಗೆ ಹೋಗುವಾಗ ನನಗೆ ಮೈ ಹಗುರವಾಗಿತ್ತು ಅನ್ನುವುದನ್ನು ಮರೆಮಾಚುವುದಿಲ್ಲ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಸಂಸ್ಥೆಯವರು ಕಟ್ಟಡದ ಅಂಗಳದಲ್ಲೇ ಮಾನಸಿಕ ಆರೋಗ್ಯದ ತಿಳಿವಳಿಕೆ ಕಾರ್ಯಕ್ರಮ ಇಟ್ಟರು. ಡಾಕ್ಟರ ಭಾಷಣ ಎಲ್ಲರೂ ಮಾಡಿಸುತ್ತಾರೆ, ಅನುಭವಿಸಿದವರೇ ಒಬ್ಬರು ಮಾತಾಡಲಿ ಅಂತ ಮುಖ್ಯಸ್ಥರ ಆಸೆ. ನನಗೆ ತಕ್ಷಣ ನೆನಪಾದದ್ದು ಇವರೇ. ಇಷ್ಟು ಪ್ರೀತಿ ಗಳಿಸಿದ ಮನುಷ್ಯ ಹೇಳಿದರೆ ಯಾರು ಕೇಳುವುದಿಲ್ಲ? ನಾನೇ ಹೋಗಿ ಕೇಳಿದೆ.

“ಬ್ಯಾಡ್ರಿ ಅಕ್ಕಾರ” ಅಂದರು. “ಈಗ ಚೊಲೊ ನಡದೈತಿ.”

“ಚೊಲೊ ನಡದೈತಿ ಅಂತನ ಹೇಳ್ರಿ. ನಿಮ್ಮನ್ನ ನೋಡಿದ ಮಂದಿ, ಈ ಬ್ಯಾನಿ ಆದವರೂ ಹಿಂಗ ಬಾಳ್ವಿ ಮಾಡ್ತಾರಂತ ತಿಳಕೋತಾರ. ಎಷ್ಟ ದಿನ ಅಂತ ಮುಚ್ಚಿಟ್ಟು ಇರ್ತೀರಿ?”

ಅವರು ನನ್ನ ಮುಖ ನೋಡಿದರು. ‘ನೀವು?’ ಅಂತ ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಮುರಿದು ಬೀಳುತ್ತಿದ್ದೆ. ಕೇಳಲಿಲ್ಲ. ನಾನು ಎರಡು ದಿನ ಬಿಟ್ಟು ಮತ್ತೆ ಹೋಗಿ ಅದನ್ನೇ ಹೇಳಿದೆ, ಮೂರನೆಯ ಸಲವೂ ಹೇಳಿದೆ. “ನೀವು ಅಂತೀರಿ ಅಂದ್ರ ಆಗಲಿ” ಅಂದರು.

ಕಾರ್ಯಕ್ರಮದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೈಕು ಹಿಡಿಯಲಿಲ್ಲ, ಕೈ ನಡುಗುತ್ತದೆ ಅಂತ ಮೇಜಿನ ಮೇಲೆ ಇಡಿಸಿದರು. ಮಗ್ಗದ ಬಗ್ಗೆ ಹೇಳಿದರು, ಕಿವಿಯಲ್ಲಿ ಬಂದ ಮಾತುಗಳ ಬಗ್ಗೆ ಹೇಳಿದರು, ದವಾಖಾನೆಯ ಬಗ್ಗೆ ಹೇಳಿದರು. “ಈಗೂ ಒಮ್ಮೊಮ್ಮೆ ಕೇಳತೈತ್ರಿ. ಗುಳಿಗಿ ತಗೋತೇನಿ, ಸಣ್ಣಾಗಿ ಕೇಳತೈತಿ, ಕೇಳಿಸ್ಕೊಳ್ಳಾಕ ಹೋಗಂಗಿಲ್ಲ” ಅಂದರು. “ಇಲ್ಲಿ ನೀವೆಲ್ಲಾ ನನ್ನ ಕಾಕಾ ಅಂತೀರಿ. ಅಷ್ಟ ಸಾಕು.” ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೇ ಅಂತಸ್ತಿನ ಆ ಹೆಣ್ಣುಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಫೋಟೊ ತೆಗೆದರು. ನನ್ನ ಎದೆ ಉಬ್ಬಿತ್ತು.

ಮೊದಲು ನಿಂತದ್ದು ರೊಟ್ಟಿ. ಯಾರೂ ಏನೂ ಹೇಳಲಿಲ್ಲ, ಬರುವುದು ನಿಂತಿತು ಅಷ್ಟೆ. ಆಮೇಲೆ ಅವರು ಮಾಳಿಗೆಗೆ ಏರುವಾಗ ಮೆಟ್ಟಿಲ ಮೇಲೆ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಒಳಗೆ ಕರೆಯತೊಡಗಿದರು. ಬಾಗಿಲಿಗೆ ನಿಂತು ನೀರು ಏರಿಸಿದ್ದೇನೆ ಅಂದರೆ, ಒಳಗಿನಿಂದಲೇ “ಹೂಂ” ಅನ್ನುತ್ತಿದ್ದರು, ಬಾಗಿಲು ತೆರೆಯುತ್ತಿರಲಿಲ್ಲ. ಇವರು ನನಗೆ ದೂರು ಹೇಳಲಿಲ್ಲ. ಅವರ ಜೊತೆ ಇದ್ದವರು ಹೇಳಿದ್ದರಿಂದ ಗೊತ್ತಾಯಿತು. ‘ಸ್ವಲ್ಪ ದಿನ, ಸರಿಹೋಗುತ್ತದೆ’ ಅಂದುಕೊಂಡೆ. ಬೇರೇನು ಅಂದುಕೊಳ್ಳಲಿ, ಹೇಳಿಸಿದವಳು ನಾನೇ.

ತಿಂಗಳು ಕಳೆದಿರಬೇಕು. ಕಟ್ಟಡದ ಐದಾರು ಮನೆಗಳಲ್ಲಿ ವಾಂತಿ ಭೇದಿ ಶುರುವಾಯಿತು. ಇಬ್ಬರು ಮಕ್ಕಳಿಗೆ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಕಾಕಾರ ಕೋಣೆಯಲ್ಲಿ ಜೊತೆಗಿದ್ದವರಿಗೂ ಭೇದಿ, ಸ್ವತಃ ಇವರಿಗೂ ಭೇದಿ. ಆ ಕಡೆಯ ಲೆಕ್ಕವನ್ನು ಯಾರೂ ನೋಡಲಿಲ್ಲ. ಮೂರು ದಿನದಲ್ಲಿ ಮಾತು ಹಬ್ಬಿತು: ಕಾಕಾ ಟಾಕಿಯಲ್ಲಿ ಏನೋ ಹಾಕಿದ್ದಾನೆ.

ಭಾನುವಾರ ಮುಂಜಾನೆ ಅಂಗಳದಲ್ಲಿ ಸಭೆ ಕರೆದರು. ಕಾರ್ಯಕ್ರಮಕ್ಕೆ ಹಾಕಿದ್ದ ಅದೇ ಜಾಗದಲ್ಲಿ ಕುರ್ಚಿ ಹಾಕಿದ್ದರು. ನಮ್ಮ ಮುಖ್ಯಸ್ಥರು ಬಂದಿದ್ದರು, ನಾನಿದ್ದೆ, ಇವರು ಕುರ್ಚಿಯ ತುದಿಗೆ ಕೂತಿದ್ದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎದುರು ಮಾತಾಡಲು ಸುಲಭವಾಗುತ್ತಿತ್ತು.

ಎರಡನೇ ಅಂತಸ್ತಿನವಳು ಎದ್ದು ನಿಂತು ಹೇಳಿದಳು: “ನಮಗ ಕಾಕಾರ ಮ್ಯಾಲೆ ಸಿಟ್ಟಿಲ್ರಿ ಮೇಡಂ. ಭಾಳ ಚೊಲೊ ಮನಷ್ಯಾರ. ಆದ್ರ ಅವರ ಹೇಳ್ಯಾರಲ್ರಿ, ಕಿವ್ಯಾಗ ಯಾರೋ ಮಾತಾಡ್ತಾರಂತ. ನಾಳೆ ಆ ಮಾತು, ನೀರಾಗ ಏನರೆ ಹಾಕು ಅಂದ್ರ, ಅವರರೆ ಏನು ಮಾಡ್ಬೇಕ್ರಿ?”

ಇವರು ಕೂತಲ್ಲಿಂದಲೇ ಹೇಳಿದರು: “ಆ ಮಾತು ನನಗ ಬೈತಾವ್ರಿ ತಂಗಿ. ಮಂದಿ ಸುದ್ದಿಗೆ ಹೋಗಂಗಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿತು. ಇವರೂ ಏನೆಂದು ತಿಳಿಯದೆ ಸ್ವಲ್ಪ ನಕ್ಕರು.

ಆಗ ಕೆಳಗಿನ ಮನೆಯ ಆಟೊ ಓಡಿಸುವವನು ನನ್ನ ಕಡೆ ತಿರುಗಿದ. “ಮೇಡಂ, ಒಂದ ಮಾತು ಖರೆ ಹೇಳ್ರಿ. ನಿಮ್ಮ ಮನ್ಯಾಗ ಇಂಥಾವ್ರನ್ನ ಇಟಗೊಂಡು ನೀವು ನಿದ್ದಿ ಮಾಡ್ತೀರೇನ್ರಿ?”

ನನ್ನ ಮನೆಯಲ್ಲಿ ಇಂಥವಳೊಬ್ಬಳು ಹದಿನೆಂಟು ವರ್ಷಗಳಿಂದ ಇದ್ದಾಳೆ, ಅಡುಗೆ ಮಾಡುತ್ತಾಳೆ, ನೀರು ತುಂಬುತ್ತಾಳೆ, ಮಗನನ್ನು ಓದಿಸಿದ್ದಾಳೆ, ಈಗ ನಿಮ್ಮ ಮುಂದೆ ನಿಂತಿದ್ದಾಳೆ. ಇಷ್ಟೇ ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಅನ್ನುವುದೂ ಸುಳ್ಳು. ನನ್ನ ಕಣ್ಣ ಮುಂದೆ ಬಂದದ್ದು ವಿದ್ಯಾಗಿರಿಯ ನಮ್ಮ ಓಣಿ, ನಮ್ಮ ಗೇಟಿನ ಎದುರಿನ ಮನೆಯವರು. ನಾನು “ಡಾಕ್ಟರು ಬರಕೊಟ್ಟಾರ್ರಿ, ಗುಳಿಗಿ ಸರಿಯಾಗಿ ತಗೋತಾರ, ಇಂಥಾ ಕೆಲಸ ಮಾಡೂವಂಥಾವ್ರಲ್ಲ” ಅಂತ ಸರ್ಟಿಫಿಕೇಟು ಓದಿದ ಹಾಗೆ ಹೇಳಿದೆ. ಇವರು ನನ್ನ ಕಡೆ ನೋಡಲೇ ಇಲ್ಲ. ಬೇಕೆಂದೇ ನೋಡಲಿಲ್ಲ, ನನಗೆ ಗೊತ್ತು. ಎದ್ದು ಹೋಗಿ ಮೋಟರಿನ ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟು ಬಂದು ಕೂತರು.

ಮರುದಿನ ಮುಖ್ಯಸ್ಥರು ತೀರ್ಮಾನ ಹೇಳಿದರು. “ಅವರ ಒಳ್ಳೇದಕ್ಕ ಹೇಳ್ತೇನಿ. ಇಲ್ಲಿ ಇದ್ರ ಉಳಿದ ಮೂರು ಮಂದಿಗೂ ತ್ರಾಸು ಆಗತೈತಿ, ಈ ಎರಡು ಮನೀನೂ ಕೈಬಿಟ್ಟು ಹೋಗತಾವು.” ಬಾದಾಮಿಯ ಆಚೆ, ಮಹಾಕೂಟದ ಕಡೆಗೆ ಹೋಗುವ ದಾರಿಯಲ್ಲಿ, ಬೇರೆಯವರು ನಡೆಸುವ ಒಂದು ಆಶ್ರಯಧಾಮವಿತ್ತು. ಅಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ನಾನು ಒಂದಷ್ಟು ವಾದ ಮಾಡಿದೆ. ನೌಕರಿ ಹೋಗದಷ್ಟು ವಾದ.

ಕರೆದುಕೊಂಡು ಹೋದವಳೂ ನಾನೇ. ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿದೆವು. ಅವರ ಹತ್ತಿರ ಒಂದು ಬಟ್ಟೆಯ ಚೀಲ ಮಾತ್ರ. ಕೋತಿಯೊಂದು ಎದುರಿನ ಅಂಗಡಿಯ ತಗಡಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದರು.

“ಅಲ್ಲಿ ಕೀಲಿ ಯಾರ ಕಡೆ ಇರತೈತ್ರಿ?” ಅಂತ ಕೇಳಿದರು.

“ಅದನ್ನ ನಡಸೂವ್ರ ಕಡೇನ ಇರತೈತ್ರಿ” ಅಂದೆ.

“ಹೂಂ” ಅಂದರು. ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹೇಳಿದರು: “ಅಕ್ಕಾರ, ಅವತ್ತ ನೀವು ನಿಮ್ಮದು ಹೇಳಲಿಲ್ಲ, ಚೊಲೊ ಮಾಡಿದ್ರಿ. ಹೇಳಿದ್ರ ನಿಮ್ಮನ್ನೂ ಕಳಸ್ತಿದ್ರು.”

ಚುಚ್ಚಿ ಆಡಿದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮನಸಾರೆ ಹೇಳಿದ್ದರು, ನನಗೆ ಒಳ್ಳೆಯದಾಯಿತಲ್ಲ ಅನ್ನುವ ನೆಮ್ಮದಿಯಿಂದ. ನಾನು ಅಲ್ಲಿ ಬಸ್ ಸ್ಟ್ಯಾಂಡಿನಲ್ಲೇ ಅತ್ತೆ. ಅವರು ನನ್ನ ಕಪ್ಪನ್ನು ಒಯ್ದು ಅಂಗಡಿಯವನಿಗೆ ಕೊಟ್ಟು ಬಂದರು.

ಆಶ್ರಯಧಾಮದ ಗೇಟಿನಲ್ಲಿ ಕಾವಲಿನವನು ಅವರ ಚೀಲ ತೆಗೆಸಿ ನೋಡಿ, ಬ್ಲೇಡು, ಕತ್ತರಿ, ಬೆಲ್ಟು ಬೇರೆ ಇಟ್ಟ. ಕತ್ತರಿ ಮಗ್ಗದ ಕಾಲದ್ದು. ಒಳಗೆ ಉದ್ದನೆಯ ಒಂದು ಕೋಣೆ, ಎರಡು ಸಾಲು ಮಂಚ. ಕೆಟ್ಟ ಜಾಗವಲ್ಲ, ಸ್ವಚ್ಛವಾಗಿತ್ತು, ಊಟವೂ ಹೊತ್ತಿಗೆ ಸರಿಯಾಗಿ. ಅಲ್ಲಿಂದ ಯಾರೂ ತಾವಾಗಿ ಹೊರಗೆ ಬರುವಂತಿಲ್ಲ, ಅಷ್ಟೆ.

ಎರಡು ವಾರದ ನಂತರ ಕಟ್ಟಡದ ಮುಂದೆ ನೆಲ ಅಗೆದರು. ಕೆಳಗಿನ ಟಾಕಿಗೆ ಬರುವ ನೀರಿನ ಕೊಳವೆ ಗಟಾರದ ಪಕ್ಕದಲ್ಲೇ ಒಡೆದಿತ್ತು. ಹೊಲಸು ನೀರು ಒಳಗೆ ಸೇರುತ್ತಿತ್ತು. ಹೊಸ ಕೊಳವೆ ಹಾಕಿದರು, ಬೇನೆ ನಿಂತಿತು. ನಾನು ಓಡಿ ಹೋದೆ ಅಂತಲೇ ಹೇಳಬೇಕು, ಎರಡನೇ ಅಂತಸ್ತಿಗೆ.

“ನೋಡಿದ್ರೇನ್ರಿ, ಪೈಪ ಒಡದಿತ್ತಂತ” ಅಂದೆ.

“ಹೌದ್ರಿ ಮೇಡಂ. ಪಾಪ, ಕಾಕಾರ ಮ್ಯಾಲೆ ಸುಮ್ಮನ ಮಾತು ಬಂತು” ಅಂದಳು. ಅವಳ ಮುಖದಲ್ಲಿ ನಿಜವಾಗಿಯೂ ನೋವಿತ್ತು.

“ಹಂಗಾರ ತಿರುಗಿ ಕರಕೊಂಡು ಬರ್ಲೇನ್ರಿ? ನೀವು ನಾಲ್ಕು ಮಂದಿ ಬರಿ ಹೂಂ ಅನ್ರಿ.”

ಅವಳು ಒಲೆಯ ಮೇಲಿನ ಹಂಚಿನ ಕಡೆ ತಿರುಗಿದಳು. “ಅಲ್ಲಿ ಆರಾಮ ಅದಾರಂತಲ್ರಿ. ಮತ್ಯಾಕ ಅವರಿಗೆ ತ್ರಾಸು. ಮ್ಯಾಲೆ ಹೆಣ್ಣುಮಕ್ಕಳು ಇರೂ ಜಾಗಾ, ನಿಮಗೂ ತಿಳೀತೈತಿ.” ರೊಟ್ಟಿ ಮಗುಚಿದಳು. “ಕುಂದರ್ರಿ, ಊಟ ಮಾಡಿ ಹೋಗ್ರಿ.”

ನಾನು ಕೂತೆ. ಊಟ ಮಾಡಿದೆ. ಹೊಟ್ಟೆ ಹಸಿದಿತ್ತು.

ಅವತ್ತು ಮನೆಗೆ ಹೋಗಿ ಗಂಡನಿಗೆ ಹೇಳಿದೆ, ಇನ್ನು ನಾನು ನನ್ನ ಸಂಗತಿಯನ್ನು ಸಂಸ್ಥೆಯಲ್ಲಿ ಹೇಳಿಬಿಡುತ್ತೇನೆ ಅಂತ. ಅವರು ಪೇಪರು ಮಡಚಿಟ್ಟು, “ಹೇಳಿದಾವ ಎಲ್ಲಿಗೆ ಹೋದಾ ಅಂತ ಗೊತ್ತಿಲ್ಲೇನು? ನೀನ ಮುಟ್ಟಿಸಿ ಬಂದಿಯಲ್ಲ” ಅಂದರು. ನನ್ನ ಗಂಡ ಕೆಟ್ಟ ಮನುಷ್ಯನಲ್ಲ. ಹದಿನೆಂಟು ವರ್ಷ ನನ್ನ ಗುಳಿಗೆ ತೀರುವ ಮೊದಲೇ ಹುಬ್ಬಳ್ಳಿಯಿಂದ ತಂದು ಕೊಟ್ಟವರು. ನಾನು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.

ನೀರಿನ ಕಾಕಾರ ಜಾಗಕ್ಕೆ ಮರೋಳದ ಕಡೆಯ ಒಬ್ಬರು ಬಂದರು. ಬಂದ ದಿನವೇ ನಾನು ಕೂರಿಸಿಕೊಂಡು, ಯಾರು ಕೇಳಿದರೂ ಏನು ಹೇಳಬೇಕು ಅಂತ ಪಾಠ ಮಾಡಿದೆ: ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಗುಳಿಗೆ, ಊರಲ್ಲಿ ಹೊಲದ ಕೆಲಸ ಆಗುವುದಿಲ್ಲ ಅಂತ ಇಲ್ಲಿಗೆ ಬಂದದ್ದು. ಅವರು ಚೆನ್ನಾಗಿ ಕಲಿತರು. ಈ ಮೂರು ವರ್ಷದಲ್ಲಿ ಬಂದ ಎಲ್ಲರಿಗೂ ಅದನ್ನೇ ಕಲಿಸಿದ್ದೇನೆ. ಯಾರ ಮೇಲೂ ಮಾತು ಬಂದಿಲ್ಲ. ನನ್ನ ಕೆಲಸ ಚೆನ್ನಾಗಿದೆ ಅಂತ ಮುಖ್ಯಸ್ಥರು ಹೇಳುತ್ತಾರೆ. ಮಾಳಿಗೆಯ ಟಾಕಿ ಈಗಲೂ ತುಂಬಿ ಹರಿಯುತ್ತದೆ, ಹೆಂಗಸರು ಮೆಟ್ಟಿಲ ಮೇಲೆ ಜಗಳಾಡುತ್ತಾರೆ.

ಮೊದಲ ವರ್ಷ ತಿಂಗಳಿಗೊಮ್ಮೆ ತಪ್ಪದೆ ಬಾದಾಮಿಗೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಆರಂಭದಲ್ಲಿ ಕಟ್ಟಡದ ಒಬ್ಬೊಬ್ಬರ ಬಗ್ಗೆಯೂ ವಿಚಾರಿಸುತ್ತಿದ್ದರು. ಕೊಳವೆಯ ಸುದ್ದಿ ಹೇಳಿದಾಗ, “ಪೈಪ ನಾ ಮೊದಲ ನೋಡಬೇಕಿತ್ತು” ಅಂದರು. ಅಲ್ಲಿಯ ಡಾಕ್ಟರು ಗುಳಿಗೆ ಹೆಚ್ಚು ಮಾಡಿದ ಮೇಲೆ ಮಾತು ಕಡಿಮೆಯಾಯಿತು. ಮೈ ದಪ್ಪವಾಯಿತು. ಒಂದು ಸಲ ಅವರ ಮೈಮೇಲೆ ಬೇರೆಯವರ ಅಂಗಿ ಇತ್ತು, ಕೇಳಿದರೆ ಒಗೆಯುವಾಗ ಅದಲುಬದಲು ಆಗುತ್ತದೆ ಅಂದರು. ಇಳಕಲ್ಲಿನ ತಮ್ಮ ಒಮ್ಮೆ ಬಂದಿದ್ದನಂತೆ, ದೊಡ್ಡ ಮಗಳ ಲಗ್ನವಾಯಿತು ಅಂತ ಹೇಳಿ, ಬುಂದಿ ಲಾಡು ಕೊಟ್ಟು ಹೋದನಂತೆ. ಸಣ್ಣವಳದು ಇನ್ನೂ ಬಾಕಿ ಇದೆಯಂತೆ.

ಹೋದ ಸಲ ಹೋದಾಗ ನಾವಿಬ್ಬರೂ ಅಂಗಳದ ಕಟ್ಟೆಯ ಮೇಲೆ ಒಂದು ತಾಸು ಕೂತಿದ್ದೆವು. ಕಟ್ಟಡದ ಯಾರ ಬಗ್ಗೆಯೂ ಅವರು ಕೇಳಲಿಲ್ಲ. ಊಟದ ಗಂಟೆ ಹೊಡೆದಾಗ, “ಬರ್ತೇನ್ರಿ ಅಕ್ಕಾರ” ಅಂದು ಸಾಲಿನಲ್ಲಿ ಹೋಗಿ ನಿಂತರು. ಅದಾಗಿ ಐದು ತಿಂಗಳಾಯಿತು. ಬಾದಾಮಿ ದೂರವೇನಲ್ಲ, ದಿನಕ್ಕೆ ಬೇಕಾದಷ್ಟು ಬಸ್ಸುಗಳಿವೆ. ನಾನು ಹೋಗಿಲ್ಲ.